ಅಕ್ಕನ ಕಾಲಿಗೊಂದು ಬ್ರೇಕು

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಒಂದು ಸುಳ್ಳು ಒಪ್ಪಿಕೊಂಡುಬಿಡುತ್ತೇನೆ, ಚಿಕ್ಕದು.

ಹೋದ ತಿಂಗಳು ನಿನ್ನ ಮನೆಗೆ ಬಂದಾಗ ತೂಕದ ಯಂತ್ರ ತಂದಿದ್ದೆನಲ್ಲ? ಅದನ್ನು ಗೋಡೆಗೆ ಆನಿಸಿ, ನಿನ್ನನ್ನು ತಗ್ಗು ಕುರ್ಚಿಯಲ್ಲಿ ಕೂರಿಸಿ, ಬಲಗಾಲಿನಿಂದ ಆದಷ್ಟೂ ಜೋರಾಗಿ ಒತ್ತು ಎಂದಿದ್ದೆ. ಯಾಕೆ ಎಂದು ನೀನು ಕೇಳಿದ್ದಕ್ಕೆ, ಕಾಲಿನ ಬಲಕ್ಕೂ ಕಣ್ಣಿನ ನರಕ್ಕೂ ಸಂಬಂಧವಿದೆಯೆಂದು ಹೊಸದಾಗಿ ಕಂಡುಹಿಡಿದಿದ್ದಾರೆ ಎಂದೆ. ನೀನು ನಂಬಿದೆ. ಭಾವ ನಂಬಲಿಲ್ಲ, ಆದರೂ ತಾವೂ ಒತ್ತಿ ನೋಡಿ, ನಿನಗಿಂತ ಜಾಸ್ತಿ ಬಂತೆಂದು ಸಂಜೆಯವರೆಗೂ ಎದೆಯುಬ್ಬಿಸಿಕೊಂಡು ಓಡಾಡಿದರು. ಅಂಥ ಸಂಬಂಧ ಯಾವುದೂ ಇಲ್ಲ. ಹದಿನೈದು ವರ್ಷದಿಂದ ಕನ್ನಡಕ ಮಾಡುತ್ತಿದ್ದೇನೆ, ಇವತ್ತಿನವರೆಗೆ ಯಾರ ಕಾಲನ್ನೂ ಪರೀಕ್ಷೆ ಮಾಡಿದವಳಲ್ಲ.

ನಿನಗೆ ಬಂದದ್ದು ಇಪ್ಪತ್ತಾರು ಕಿಲೋ. ಅದು ನನಗೆ ಯಾಕೆ ಬೇಕಿತ್ತು ಅನ್ನುವುದೇ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹ್ಞೂಂ' ಅಂದ ತಕ್ಷಣ ನಾನು ಮಾತು ತಿರುಗಿಸಿಬಿಡುತ್ತೇನೆ. ಒಂಬತ್ತು ವರ್ಷದಿಂದ ಹಾಗೇ ತಿರುಗಿಸಿಕೊಂಡು ಬಂದಿದ್ದೇನೆ. ಕಾಗದಕ್ಕೆ ಹ್ಞೂಂ ಅನ್ನುವ ಚಾಳಿ ಇಲ್ಲ.

ಅತ್ತೆಯ ಕೆಂಪು ಗಾಡಿ ಎದ್ದು ನಿಂತಿದೆ, ಅಕ್ಕ. ಹೌದು, ಅದೇ. ಅಪ್ಪನ ತಂಗಿ ಸಾಯುವ ಮುಂಚೆ ನನ್ನ ಹೆಸರಿಗೆ ಬರೆದಿಟ್ಟ, ನಮ್ಮಿಬ್ಬರಿಗಿಂತ ವಯಸ್ಸಾದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಿನ್ನ ಅಪಘಾತದ ದಿನದಿಂದ ಅದು ನನ್ನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೂಗು ಜಜ್ಜಿಸಿಕೊಂಡು ಮಲಗಿತ್ತು. ಮುಟ್ಟುವ ಧೈರ್ಯ ನನಗೂ ಇರಲಿಲ್ಲ, ಕೇಳುವ ಮನಸ್ಸು ನಿನಗೂ ಇರಲಿಲ್ಲ.

ಅದನ್ನು ಎಬ್ಬಿಸಿದ್ದು ಒಂದು ಓದುವ ಕನ್ನಡಕ. ಹೋದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದರು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು, ಅಂಗಿಗೆ ಮಾತ್ರ ಗರಿಗರಿ ಇಸ್ತ್ರಿ. ಗೋಡೆಯ ಮೇಲಿನ ಅಕ್ಷರ ಓದಿ ಎಂದರೆ ಪಕ್ಕದ ಕಿಟಕಿಯಾಚೆ ನೋಡುತ್ತಾ ಕೂತರು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು.

"ಅಕ್ಷರ ಆಮೇಲೆ ಓದ್ತೀನಿ. ಆ ಗಾಡಿಗೇನಾಗಿದೆ, ಅದು ಹೇಳಿ" ಎಂದರು.

"ಗೋಡೆಗೆ ಹೊಡೀತು" ಎಂದೆ.

"ಗೋಡೆ ತಾನಾಗಿ ಅಡ್ಡ ಬರಲ್ವಲ್ಲ" ಎಂದು ನಕ್ಕರು. ಊರಿನ ಮೆಕ್ಯಾನಿಕ್‌ಗಳೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಅನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನಲವತ್ತು ವರ್ಷದಿಂದ ಬ್ರೇಕು ಬಿಟ್ಟು ಬೇರೆ ಕೆಲಸ ಮುಟ್ಟಿದವರಲ್ಲ. ಎಂಜಿನ್ ತೋರಿಸಿದರೆ ಮುಖ ತಿರುಗಿಸುತ್ತಾರೆ. "ಗಾಡಿ ಓಡ್ಸೋಕೆ ಊರಲ್ಲಿ ನೂರು ಜನ ಇದಾರೆ. ನಿಲ್ಸೋಕೆ ನಾನೊಬ್ಬ" ಅನ್ನುವುದು ಅವರ ಮಾತು.

ಅಂತೂ ಆ ಮನುಷ್ಯ ಬಿಡಲಿಲ್ಲ. ತಮ್ಮ ಗೆಳೆಯರೊಬ್ಬರಿಂದ ಎಂಜಿನ್ ಮಾಡಿಸಿದರು, ಇನ್ನೊಬ್ಬರಿಂದ ಮೂಗು ನೆಟ್ಟಗೆ ಮಾಡಿಸಿದರು. ಎಂಟು ತಿಂಗಳು ಹಿಡಿಯಿತು. ಮುಂದಿನ ಚಕ್ರಗಳಿಗೆ ಹಳೆಯ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಹಾಕಿದ್ದೂ ಆಯಿತು. ಉಳಿದದ್ದು ಒಂದೇ, ಮಾಸ್ಟರ್ ಸಿಲಿಂಡರ್.

ಅದೇನೆಂದು ನಿನಗೆ ಹೇಳಬೇಕು, ನನಗೂ ಗೊತ್ತಿರಲಿಲ್ಲ. ನಾವು ಪೆಡಲ್ ಒತ್ತಿದರೆ ಅದು ನೇರ ಚಕ್ರಕ್ಕೆ ಹೋಗುವುದಿಲ್ಲ. ಪೆಡಲಿನ ಹಿಂದೆ ಒಂದು ಗಿಡ್ಡ ಕೊಳವೆ. ಅದರೊಳಗೆ ಒಂದು ಪಿಸ್ಟನ್. ಅದು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಪೈಪಿನಲ್ಲಿ ಹೋಗಿ ಚಕ್ರವನ್ನು ಹಿಡಿಯುತ್ತದೆ. ಆ ಕೊಳವೆಯೇ ಮಾಸ್ಟರ್ ಸಿಲಿಂಡರ್. ಅತ್ತೆಯ ಗಾಡಿಯಲ್ಲಿ ಇದ್ದದ್ದು ಒಂಟಿ ಪಿಸ್ಟನ್ನಿನದು, ನಾಲ್ಕು ಚಕ್ರಕ್ಕೂ ಒಂದೇ ದಾರಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಈಗ ಬರುವುದರಲ್ಲಿ ಎರಡು ಪಿಸ್ಟನ್, ಎರಡು ದಾರಿ. ಮುಂದಿನದು ಕೈಕೊಟ್ಟರೆ ಹಿಂದಿನದು ಇರುತ್ತದೆ, ಹಿಂದಿನದು ಕೈಕೊಟ್ಟರೆ ಮುಂದಿನದು.

ಜನವರಿಯ ಒಂದು ಬೆಳಗ್ಗೆ ಅವರ ಗ್ಯಾರೇಜಿಗೆ ಹೋದೆ. ಗ್ಯಾರೇಜೆಂದರೆ ನಿನ್ನ ಅಡುಗೆಮನೆಗಿಂತ ಒಪ್ಪ. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ನೆರಳು ಬಿಡಿಸಿಟ್ಟಿದ್ದಾರೆ, ಯಾವುದು ಜಾಗದಲ್ಲಿಲ್ಲ ಎಂದು ಬಾಗಿಲಲ್ಲೇ ಗೊತ್ತಾಗುತ್ತದೆ. ಕಿಟಕಿಯಲ್ಲಿ ಒಂದು ಬೆಕ್ಕು, ಮೂಲೆಯಲ್ಲಿ ಚಹಾದ ಸ್ಟವ್. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂರು ಸಿಲಿಂಡರ್ ಸಾಲಾಗಿ ಮಲಗಿಸಿದ್ದರು. ಒಳಗಿನ ತೂತಿನ ಅಳತೆ ಒಂದರದು ಹತ್ತೊಂಬತ್ತು ಮಿಲಿಮೀಟರ್, ಇನ್ನೊಂದರದು ಇಪ್ಪತ್ತೆರಡು, ಮತ್ತೊಂದರದು ಇಪ್ಪತ್ತೈದು.

"ಯಾವ್ದು ಬೇಕು?" ಎಂದರು.

"ದೊಡ್ಡದೇ ಕೊಡಿ. ಗಟ್ಟಿಯಾಗಿ ಹಿಡೀಲಿ" ಎಂದೆ.

ಮೇಷ್ಟ್ರು ತಮ್ಮ ಹೊಸ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ನಿಮ್ಮಂಗ್ಡಿಗೆ ಬಂದು ನಾನು, ಮೇಡಂ ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರ್ ಗ್ಲಾಸು ಕೊಡಿ, ಚೆನ್ನಾಗಿ ಕಾಣ್ಲಿ ಅಂದಿದ್ರೆ ಏನ್ ಮಾಡ್ತಿದ್ರಿ?"

ನನ್ನ ಕಿವಿ ಕೆಂಪಾಯಿತು. ಅಂಥ ಗಿರಾಕಿಗಳ ಬಗ್ಗೆ ನಿನಗೆ ಎಷ್ಟು ಸಲ ಹೇಳಿ ನಕ್ಕಿದ್ದೇನೆ!

ಅಲ್ಲೇ ಒಂದು ಕಬ್ಬಿಣದ ಚೌಕಟ್ಟಿಗೆ ಹಳೆಯ ಸೀಟು, ಪೆಡಲ್, ಒತ್ತಡ ತೋರಿಸುವ ಮುಳ್ಳಿನ ಗಡಿಯಾರ ಜೋಡಿಸಿಟ್ಟಿದ್ದರು. ಒಂದೊಂದೇ ಸಿಲಿಂಡರ್ ಸಿಕ್ಕಿಸಿ ನನ್ನಿಂದ ಒತ್ತಿಸಿದರು. ದೊಡ್ಡದನ್ನು ಒತ್ತಿದರೆ ಕಲ್ಲನ್ನು ಒತ್ತಿದ ಹಾಗೆ. ಮುಳ್ಳು ಅರ್ಧಕ್ಕೂ ಏರಲಿಲ್ಲ. ಚಿಕ್ಕದನ್ನು ಒತ್ತಿದರೆ ಮುಳ್ಳು ಜಿಗಿದು ಮೇಲೆ ಹೋಯಿತು, ಆದರೆ ಪೆಡಲ್ ಹೆಚ್ಚುಕಮ್ಮಿ ನೆಲ ಮುಟ್ಟಿತು. ತೂತು ಚಿಕ್ಕದಾದಷ್ಟೂ ಬಲ ಜಾಸ್ತಿ, ಕಾಲು ಹೋಗುವ ದೂರವೂ ಜಾಸ್ತಿ. ದೊಡ್ಡದಾದಷ್ಟೂ ದೂರ ಕಮ್ಮಿ, ಆದರೆ ಆನೆ ಕಾಲು ಬೇಕು. ಮುಂದಿನ ಹೊಸ ಡಿಸ್ಕುಗಳು ಎಣ್ಣೆ ಜಾಸ್ತಿ ಕೇಳುತ್ತವೆ, ಹಿಂದಿನ ಡ್ರಮ್ಮು ಕಮ್ಮಿ. "ಎತ್ತು ಏರಿಗೆ, ಕೋಣ ನೀರಿಗೆ ಅಂತ ಆಗ್ಬಾರ್ದು ನೋಡಿ" ಎಂದು ಮೇಷ್ಟ್ರು ಚಹಾ ಸೋಸಿದರು. "ಅದಕ್ಕೇ ಕೇಳೋದು. ಗಾಡಿ ಓಡ್ಸೋರು ಯಾರು? ಅವರ ಕಾಲು ನೋಡಿ ಸಿಲಿಂಡರ್ ಕೊಡ್ಬೇಕು."

ನಾನು "ನಾನೇ" ಎಂದೆ.

ಅಕ್ಕ, ಹಾಗೆ ಹೇಳಿದಾಗ ನಾಲಿಗೆ ತಡವರಿಸಿತು. ಆ ಗಾಡಿಯನ್ನು ಎಬ್ಬಿಸಿದ್ದು ನಾನು ಓಡಿಸುವುದಕ್ಕಲ್ಲ ಎಂದು ಆ ಕ್ಷಣ ನನಗೇ ಗೊತ್ತಾಯಿತು. ಆದರೂ ಅಂದೆ.

ಅವರು ಒಳಗೆ ಹೋಗಿ ಹಳೆಯ ಸಿಲಿಂಡರನ್ನು ತಂದರು. ಗಾಡಿಯಿಂದ ಬಿಚ್ಚಿ, ಉದ್ದಕ್ಕೆ ಸೀಳಿ ಇಟ್ಟಿದ್ದರು. ಹೀಗೆ ಸೀಳಿ ನೋಡುವುದು ಅವರ ಖಯಾಲಿಯಂತೆ. ಒಳಗೆಲ್ಲ ಸಿಡುಬಿನ ಕಲೆಯ ಹಾಗೆ ತುಕ್ಕಿನ ಗುಳಿ. ಪಿಸ್ಟನ್ನಿನ ರಬ್ಬರು ಒಂದು ಕಡೆ ಸವೆದು ಚಾಕುವಿನ ಅಂಚಿನ ಹಾಗಾಗಿತ್ತು.

"ಅಪಘಾತದಲ್ಲಿ ಮುಂದಿನ ಪೈಪು ಒಡೆದು ಎಣ್ಣೆಯೆಲ್ಲ ರಸ್ತೆಗೆ ಚೆಲ್ತು. ಅದಕ್ಕೇ ಆವತ್ತು ಯಾರಿಗೂ ಇದು ಗೊತ್ತಾಗಿಲ್ಲ" ಎಂದರು ಮೇಷ್ಟ್ರು. "ಆದ್ರೆ ಇದು ಒಂದು ದಿನದಲ್ಲಿ ಆಗಿದ್ದಲ್ಲ. ಪೆಡಲ್ ಹಿಂದೆ ತಗಡಿನ ಬಣ್ಣ ಎದ್ದುಹೋಗಿದೆ, ನಾನು ನೋಡ್ದೆ. ಬ್ರೇಕ್ ಆಯಿಲ್ ವಾರಗಟ್ಟಲೆ ತೊಟ್ಟಿಕ್ಕಿದ್ರೇ ಹಾಗಾಗೋದು. ಮೇಲಿಂದ ಯಾರೋ ತುಂಬಿಸ್ತಾ ಇದ್ರು. ಯಾರು ಅಂತ ಗೊತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ. "ಗೊತ್ತಿಲ್ಲ" ಎಂದೆ. ಎಷ್ಟು ಜೋರಾಗಿ ಎಂದರೆ, ಕಿಟಕಿಯಲ್ಲಿದ್ದ ಬೆಕ್ಕು ಎದ್ದು ಹೋಯಿತು.

ಅವತ್ತು ಅಂಗಡಿಗೆ ಬಂದು ಒಬ್ಬ ಪೋಸ್ಟ್‌ಮಾಸ್ಟರರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಉಜ್ಜಿದೆ. ಮತ್ತೆ ಉಜ್ಜಿದೆ, ಮತ್ತೂ ತಪ್ಪಿದೆ. ಸಂಜೆ ಬೇಗ ಬಾಗಿಲು ಹಾಕಿದೆ. ಮಾರನೆಯ ಬೆಳಗ್ಗೆ ಅಂಗಡಿ ತೆರೆಯದೆ ಸೀದಾ ಗ್ಯಾರೇಜಿಗೆ ಹೋಗಿ, ನಿಂತ ಕಾಲಲ್ಲೇ ಹೇಳಿದೆ: "ತುಂಬಿಸ್ತಿದ್ದದ್ದು ನಾನೇ."

ಮೇಷ್ಟ್ರು ಸಮಾಧಾನ ಮಾಡಬಹುದು ಎಂದುಕೊಂಡಿದ್ದೆ. ಆ ವಯಸ್ಸಿನವರು ಹೋಗ್ಲಿ ಬಿಡಮ್ಮ ಅನ್ನುವುದು ವಾಡಿಕೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಯ ಮೇಲಿನ ಅದರ ನೆರಳಿಗೆ ಸರಿಯಾಗಿ ಸಿಕ್ಕಿಸಿ, "ನನಗೆ ಹೇಳಿ ಏನಮ್ಮ ಪ್ರಯೋಜನ? ನನ್ನ ಕಾಲೇನು ಮುರಿದಿಲ್ವಲ್ಲ" ಎಂದರು.

ಅದಕ್ಕೇ ಈಗ ನಿನಗೆ ಹೇಳುತ್ತಿದ್ದೇನೆ.

ಆವತ್ತು ನೀನು ಗಾಡಿ ಕೇಳುವುದಕ್ಕೆ ಮೂರು ವಾರ ಮುಂಚಿನಿಂದಲೇ ಎಣ್ಣೆ ಇಳಿಯುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಬಾನೆಟ್ ಎತ್ತಿ ಡಬ್ಬಿಯ ಗೆರೆಯವರೆಗೆ ತುಂಬಿಸುತ್ತಿದ್ದೆ. ಪೆಡಲ್ ಮೆತ್ತಗಾದರೆ ಎರಡು ಸಲ ಒತ್ತುತ್ತಿದ್ದೆ, ಹಿಡಿಯುತ್ತಿತ್ತು. ರಿಪೇರಿಗೆ ಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ನಿನ್ನ ಕೈಗೆ ಕೀ ಕೊಡುವಾಗ, ಬ್ರೇಕು ಎರಡು ಸಲ ಒತ್ತಬೇಕು ಕಣೇ ಅನ್ನುವ ಮಾತು ಗಂಟಲವರೆಗೆ ಬಂದಿತ್ತು. ಆದರೆ ಹಿಂದಿನ ವಾರವಷ್ಟೇ ನೀನು ಅಮ್ಮನ ಎದುರಿಗೆ, "ಚಿಲ್ಟುಗೆ ಒಂದು ಹೂಕುಂಡ ನೋಡ್ಕೊಳ್ಳೋಕೆ ಬರಲ್ಲ, ಅತ್ತೆ ಅವಳಿಗೆ ಗಾಡಿ ಕೊಟ್ಟಿದಾರೆ" ಎಂದಿದ್ದೆ. ಈಗ ಹೇಳಿದರೆ ನೀನು, ನೋಡಿದ್ಯಾ, ನಾನು ಹೇಳ್ಲಿಲ್ವಾ ಅನ್ನುತ್ತೀಯ. ಆ ಒಂದು ಮಾತು ಕೇಳಿಸಿಕೊಳ್ಳಲಾರದೆ ಬಾಯಿ ಮುಚ್ಚಿಕೊಂಡೆ. ಇಷ್ಟೇ, ಅಕ್ಕ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುವುದಕ್ಕೆ ಸ್ವಲ್ಪವಾದರೂ ಮರ್ಯಾದೆಯಾಗಿರುತ್ತಿತ್ತು.

ನೀನು ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿದ್ದೆ. ಬೇರೆ ಯಾವುದನ್ನೂ ಅಲ್ಲ. ಕಾಲಿಗೆ ಏನೂ ಸಿಗದೆ ಪೆಡಲ್ ನೆಲದವರೆಗೆ ಹೋದಾಗ, ನಾನು ಒತ್ತಿದ್ದು ಆಕ್ಸಿಲರೇಟರ್ ಇರಬೇಕು ಎಂದು ನಿನಗೇ ಅನ್ನಿಸಿತು. "ಅನ್ನಿಸದೆ ಇರುತ್ತಾ? ಖಾಲಿ ಬ್ರೇಕು ಕಾಲಿಗೆ ಹಾಗೇ ಇರೋದು" ಎಂದರು ಮೇಷ್ಟ್ರು. ಎದುರಿನ ಅಂಗಡಿಯವನು ಎಂಜಿನ್ ಗರ್ಜಿಸಿತು ಎಂದ; ಇಳಿಜಾರಿನಲ್ಲಿ ಗೇರಿನಲ್ಲಿರುವ ಗಾಡಿ ಗರ್ಜಿಸುವುದೇ. ಗಾಡಿ ಹಾಸಿಗೆ ಅಂಗಡಿಯ ಗೋಡೆಗೆ ಹೊಡೆದು, ಹೊರಗೆ ಪೇರಿಸಿಟ್ಟಿದ್ದ ಹಾಸಿಗೆಗಳೆಲ್ಲ ನಿನ್ನ ಮೇಲೆ ಉರುಳಿದವು. ಜೀವ ಉಳಿಯಿತು, ಪಾದದ ಗಂಟು ಮುರಿಯಿತು. ತಪ್ಪು ಪೆಡಲ್ ಒತ್ತಿದಳು ಎಂದು ಊರೆಲ್ಲ ಹೇಳಿತು.

ಆಸ್ಪತ್ರೆಗೆ ಬಂದಾಗ ಹೇಳಿಬಿಡಬೇಕು ಎಂದೇ ಬಂದಿದ್ದೆ, ನಂಬು. ನಾನು ಬಾಯಿ ತೆರೆಯುವ ಮುಂಚೆಯೇ ನೀನು ನನ್ನ ಕೈ ಹಿಡಿದು, "ನಿನ್ನ ಗಾಡಿ ಹಾಳ್ಮಾಡ್ಬಿಟ್ಟೆ ಕಣೇ, ಕ್ಷಮಿಸ್ಬಿಡು" ಎಂದೆ. ನಾನು "ಪರವಾಗಿಲ್ಲ ಬಿಡು" ಎಂದೆ. ನಾನು ನಿನ್ನನ್ನು ಕ್ಷಮಿಸಿದೆ, ಅಕ್ಕ! ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಎದ್ದು ಹೋಗಿ ಬಾವಿಗೆ ಬೀಳೋಣ ಎಂದೂ ಅನ್ನಿಸುತ್ತದೆ.

ಆಮೇಲೆ ನೀನು ಶಾಲೆಗಳಿಗೆ ಪುಸ್ತಕ ಒಯ್ಯುವ ಲೈಬ್ರರಿ ವ್ಯಾನಿನ ಕೆಲಸ ಬಿಟ್ಟೆ. ಹನ್ನೆರಡು ವರ್ಷ ಆ ವ್ಯಾನು ಓಡಿಸಿದವಳು ನೀನು. ಶಾಲೆಯ ಹಿಂದಿನ ಸಂದಿಯಲ್ಲಿ ನೀನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ನೋಡುವುದಕ್ಕೇ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದರು. "ಯಾವ ಪೆಡಲ್ ಅಂತ ಗೊತ್ತಿಲ್ದೋಳು ಮಕ್ಕಳ ಮಧ್ಯೆ ಗಾಡಿ ಓಡಿಸ್ಬಾರ್ದು" ಎಂದು ಕೀ ತಿರುಗಿ ಕೊಟ್ಟು, ಮೇಜಿನ ಹಿಂದೆ ಕೂತು ಪುಸ್ತಕಕ್ಕೆ ತಾರೀಕು ಹೊಡೆಯುವ ಕೆಲಸ ಹಿಡಿದೆ. ನಿನಗೆ ಯಾವ ಪೆಡಲ್ ಎಂದು ಗೊತ್ತಿತ್ತು. ಗೊತ್ತಿದ್ದೂ ಹೇಳದವಳು ನಾನು.

ಇನ್ನು ಸಿಲಿಂಡರಿನ ಮಾತು. ಅಷ್ಟು ಒಪ್ಪಿಕೊಂಡ ಮೇಲೆ ಮೇಷ್ಟ್ರು ಮತ್ತೆ ಅದೇ ಪ್ರಶ್ನೆ ಕೇಳಿದರು, "ಓಡ್ಸೋರು ಯಾರು?" ಈ ಸಲ "ನನ್ನಕ್ಕ" ಎಂದೆ. ಮುರಿದು ಕೂಡಿದ ಗಂಟು, ಚಳಿಯಲ್ಲಿ ಬಿಗಿಯುತ್ತದೆ, ಜೋರಾಗಿ ಒತ್ತಿದರೆ ನೋಯುತ್ತದೆ ಎಂದೆ. "ಹಾಗನ್ನಿ ಮತ್ತೆ. ಎಷ್ಟು ಒತ್ತಬಲ್ರು ಅಂತ ಅಳೆದುಕೊಂಡು ಬನ್ನಿ" ಎಂದರು. ತೂಕದ ಯಂತ್ರ ಹೊತ್ತುಕೊಂಡು ನಿನ್ನ ಮನೆಗೆ ಬಂದದ್ದು ಅದಕ್ಕೆ.

ಇಪ್ಪತ್ತಾರು ಕಿಲೋ ಎಂದ ತಕ್ಷಣ ಮೇಷ್ಟ್ರು ಮೂರು ಸಿಲಿಂಡರನ್ನೂ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಇಪ್ಪತ್ತೈದು ನಿನ್ನ ಕಾಲಿಗೆ ಆಗುವುದೇ ಇಲ್ಲ. ಇಪ್ಪತ್ತೆರಡರಲ್ಲಿ ಗಾಡಿ ನಿಲ್ಲುತ್ತದೆ, ಆದರೆ ನಿನಗೆ ನೋವಾಗುತ್ತದೆ. ಹತ್ತೊಂಬತ್ತು ಹಗುರ, ಆದರೆ ಡಿಸ್ಕಿಗೆ ಬೇಕಾದ ಎಣ್ಣೆ ತಳ್ಳುವ ಹೊತ್ತಿಗೆ ಪೆಡಲ್ ಮತ್ತೆ ತುಂಬಾ ಕೆಳಗೆ ಹೋಗುತ್ತದೆ. "ಒಂದ್ಸಲ ನೆಲ ಕಂಡ ಕಾಲದು. ಮತ್ತೆ ಹಾಗೆ ಇಳಿದ್ರೆ ಆ ಹೆಣ್ಮಗಳು ಜನ್ಮದಲ್ಲಿ ಗಾಡಿ ಹತ್ತಲ್ಲ" ಎಂದರು. ಇಪ್ಪತ್ತು ಮಿಲಿಮೀಟರ್ ಚಿಲ್ಲರೆಯದು ಒಂದು ಬರುತ್ತದಂತೆ. ಯಾರೂ ಕೇಳುವುದಿಲ್ಲವಾದ್ದರಿಂದ ಯಾರೂ ಇಟ್ಟಿರುವುದಿಲ್ಲ. ತರಿಸಲು ಎರಡು ವಾರ ಹಿಡಿಯಿತು. ಪೆಟ್ಟಿಗೆ ಬಂದ ದಿನ ಇಬ್ಬರೂ ಅದನ್ನು ಹೊಸ ಕೂಸಿನ ಹಾಗೆ ಎತ್ತಿಕೊಂಡು ನೋಡಿದೆವು.

ಅದನ್ನು ಗಾಡಿಗೆ ಹಾಕುವ ಮುಂಚೆ ಮೇಜಿನ ಮೇಲೆಯೇ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಎಣ್ಣೆ ತುಂಬಿ, ಗಾಳಿಯ ಗುಳ್ಳೆಯೆಲ್ಲ ತೆಗೆಯಬೇಕು. ಒಂದು ಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಆ ಕೆಲಸ ನನ್ನಿಂದಲೇ ಮಾಡಿಸಿದರು. ಮೆಲ್ಲಗೆ ತಳ್ಳು, ಮೆಲ್ಲಗೆ ಬಿಡು. ಎರಡು ತಾಸು. ಇನ್ನು ಗುಳ್ಳೆ ಇಲ್ಲ ಎಂದೆ. ಅವರು ಕನ್ನಡಕ ಏರಿಸಿ, "ಅಲ್ಲೊಂದಿದೆ" ಎಂದರು. ನಾನು ಮಾಡಿಕೊಟ್ಟ ಕನ್ನಡಕ ನನಗೇ ಮುಳುವಾಯಿತು.

ಹೋದ ಗುರುವಾರ ಬೆಳಗ್ಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಅಂಗಳದಲ್ಲಿ ಪರೀಕ್ಷೆ ಮಾಡಿದೆವು. ಮೇಷ್ಟ್ರು ಸುಣ್ಣದಲ್ಲಿ ಒಂದು ಗೆರೆ ಎಳೆದರು. ನಾನು ಓಡಿಸಿಕೊಂಡು ಬಂದು ಒತ್ತಿದೆ. ಗೆರೆಗೆ ಒಂದು ಮೊಳ ಮುಂಚೆಯೇ ನಿಂತಿತು. ಹತ್ತು ಸಲ ಬಂದೆ, ಹತ್ತು ಸಲವೂ ನಿಂತಿತು. ಆಮೇಲೆ ಅವರು ಮಾಡಿದ ಕೆಲಸ ಕೇಳು. ಗಾಡಿಯ ಕೆಳಗೆ ತೂರಿ, ಹಿಂದಿನ ಚಕ್ರದ ಎಣ್ಣೆಯ ನಟ್ಟನ್ನೇ ಸಡಿಲ ಮಾಡಿ ಎದ್ದು ಬಂದರು.

"ಈಗ ಬನ್ನಿ" ಎಂದರು.

"ಎಣ್ಣೆ ಸೋರತ್ತಲ್ಲ!" ಎಂದೆ.

"ಸೋರ್ಲಿ ಅಂತಾನೇ ಬಿಚ್ಚಿದ್ದು. ಬನ್ನಿ, ನಿಧಾನಕ್ಕೆ."

ಗೆರೆಯ ಹತ್ತಿರ ಬಂದು ಒತ್ತಿದೆ. ಪೆಡಲ್ ಕುಸಿಯಿತು. ಕುಸಿದಂತೆ ಎದೆಯೂ ಕುಸಿಯಿತು. ಆ ಇಳಿಜಾರಿನಲ್ಲಿ ನಿನಗೆ ಹೇಗಾಗಿರಬೇಕೆಂದು ಆಗ ಗೊತ್ತಾಯಿತು. ಅಷ್ಟರಲ್ಲಿ, ಅರ್ಧ ದಾರಿ ದಾಟಿದ ಮೇಲೆ, ಕಾಲಿಗೆ ಏನೋ ಸಿಕ್ಕಿತು. ಗಟ್ಟಿಯಾಗಿ. ಮುಂದಿನ ಎರಡು ಚಕ್ರ ಹಿಡಿದವು. ಗೆರೆ ದಾಟಿ ಎರಡು ಮಾರು ಮುಂದೆ ಗಾಡಿ ನಿಂತಿತು. ಸ್ಟೀರಿಂಗಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತೆ. ಮೇಷ್ಟ್ರು ನನ್ನ ಕಡೆ ನೋಡದೆ, ನಟ್ಟು ಬಿಗಿ ಮಾಡಿ, "ಅತ್ತಿದ್ದಾದ್ರೆ ಇಳೀರಿ, ಮತ್ತೆ ಗಾಳಿ ತೆಗೀಬೇಕು" ಎಂದರು.

ಗಾಡಿ ನಿನ್ನದು. ನಿನ್ನ ಹೆಸರಿಗೆ ಮಾಡಿಸುವ ಕಾಗದ ತಂದಿಟ್ಟಿದ್ದೇನೆ. ಬೇಡ ಎಂದರೆ ಬೇಡ. ನನ್ನ ಮುಖ ನೋಡುವುದೇ ಬೇಡ ಎಂದರೂ ಸರಿ. ಮೇಷ್ಟ್ರ ಗ್ಯಾರೇಜಿನಲ್ಲಿ ಬಿಟ್ಟಿರುತ್ತೇನೆ, ನೀನು ಹೋಗಿ ನೋಡಬಹುದು. ಸೀಟು ಮುಂದಕ್ಕೆ ಎಳೆದಿದ್ದೇವೆ. ಭಾವನಿಗೆ ಹೇಳು, ಅವರ ಮೂವತ್ತೆಂಟು ಕಿಲೋ ಯಾವ ಲೆಕ್ಕಕ್ಕೂ ಬರಲಿಲ್ಲ.

ಕ್ಷಮಿಸು ಅನ್ನುವ ಪದವನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ. ನೀನು ಆಸ್ಪತ್ರೆಯಲ್ಲಿ ನನಗೆ ಹೇಳಿದ ಪದ ಅದು. ಅದನ್ನು ನಿನಗೆ ಹಿಂತಿರುಗಿಸುವುದು ಹೇಗೆಂದು ಗೊತ್ತಾಗುತ್ತಿಲ್ಲ.

ನಿನ್ನ ತಂಗಿ,
ಚಿಲ್ಟು

ತಾ.ಕ.: 'ಅಕ್ಕನಿಗೆ ನಿದ್ದೆ ಬಂದಿತ್ತು, ಹಾಸಿಗೆ ಹುಡುಕಿಕೊಂಡು ಹೋದಳು' ಅನ್ನುವ ಜೋಕನ್ನು ಮೊದಲು ಹೇಳಿದ್ದು ದೊಡ್ಡಪ್ಪನಲ್ಲ. ನಾನು. ಎಲ್ಲರೂ ನಗುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ ಎಂದು.

* * *

ಮಾರ್ಚ್ ೧೪, ಶನಿವಾರ

ಚಿಲ್ಟು,

ನಿನ್ನ ಪತ್ರ ಬುಧವಾರ ಬಂತು. ಲೈಬ್ರರಿಯ ಮೇಜಿನಲ್ಲೇ ಕೂತು ಓದಿದೆ. ಆವತ್ತು ಪುಸ್ತಕ ತೆಗೆದುಕೊಂಡು ಹೋದವರಿಗೆಲ್ಲ ಹೋದ ವರ್ಷದ ತಾರೀಕು ಹೊಡೆದು ಕೊಟ್ಟಿದ್ದೇನೆ. ಈಗ ಒಬ್ಬೊಬ್ಬರೇ ಬಂದು ಜಗಳವಾಡುತ್ತಿದ್ದಾರೆ. ಪತ್ರದಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದೇನೆ, ಬಂದಾಗ ಕೊಡುತ್ತೇನೆ.

ಕೋಪ ಬಂದಿಲ್ಲ ಎಂದುಕೊಳ್ಳಬೇಡ. ಬುಧವಾರ ಅಡುಗೆಮನೆಯ ಎರಡು ತಟ್ಟೆ ಒಡೆದೆ. ಗುರುವಾರ ಒಂದು. ಶುಕ್ರವಾರ ನಿನ್ನ ಭಾವ ಉಳಿದ ತಟ್ಟೆಗಳನ್ನೆಲ್ಲ ಎತ್ತಿ ಅಟ್ಟದ ಮೇಲಿಟ್ಟರು. ಎರಡು ಹೊತ್ತು ಪಾತ್ರೆಯಲ್ಲೇ ಊಟ ಮಾಡಿದ್ದೇವೆ. ಒಂಬತ್ತು ವರ್ಷ, ಚಿಲ್ಟು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತರೆ ಇಂದಿಗೂ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ಪಕ್ಕದವರು ನೋಡುತ್ತಾರೆ ಎಂದು ಬ್ಯಾಗನ್ನು ಪಾದದ ಮೇಲೆ ಇಟ್ಟುಕೊಳ್ಳುತ್ತೇನೆ. ಆ ಜೋಕಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮನೆಗೆ ಬಂದು ಏನು ಮಾಡುತ್ತಿದ್ದೆ ಎಂದು ನಿನ್ನ ಭಾವನನ್ನು ಕೇಳು.

ಆದರೆ ಇನ್ನೊಂದೂ ಆಯಿತು, ಅದನ್ನೂ ಬರೆಯಬೇಕು. ಬುಧವಾರ ಮನೆಗೆ ಬಂದವಳು ಚಪ್ಪಲಿ ಬಿಚ್ಚಿ, ಮಂಚದ ಮೇಲೆ ಕೂತು, ಬಲಪಾದವನ್ನು ಮಡಿಲಿಗೆ ಎಳೆದುಕೊಂಡೆ. ಆ ಡೊಂಕು ಗಂಟನ್ನು ಸವರಿ, "ನೀನು ಸರಿಯಾಗೇ ಒತ್ತಿದ್ದೆ ಕಣೇ" ಎಂದು ಗಟ್ಟಿಯಾಗಿ ಹೇಳಿದೆ. ನಿನ್ನ ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಬಂದು ಅವರೂ ಅದೇ ಮಾತನ್ನು ಪಾದಕ್ಕೇ ಹೇಳಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಹಳ ದಿನವಾಗಿತ್ತು ಹಾಗೆ ನಕ್ಕು.

ಈಗ ನಿನ್ನ ಶಿಕ್ಷೆ. ಆ ಜೋಕು ಹೇಳಿ ನಕ್ಕವರೆಲ್ಲರ ಮನೆಗೆ ನೀನೇ ಹೋಗಿ, ನಿನ್ನ ಬಾಯಿಂದ ನಿಜ ಹೇಳಬೇಕು. ಮೊದಲು ಅಮ್ಮ. ಆಮೇಲೆ ದೊಡ್ಡಪ್ಪ, ಅವರಿಗೆ ಕಿವಿ ಮಂದ, ಎರಡು ಸಲ ಹೇಳಬೇಕಾಗುತ್ತದೆ, ಬೀದಿಗೆಲ್ಲ ಕೇಳಿಸುತ್ತದೆ, ಒಳ್ಳೆಯದಾಯಿತು. ಕೊನೆಗೆ ಹಾಸಿಗೆ ಅಂಗಡಿಯವರು. ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ.

ಗಾಡಿ ನನ್ನ ಹೆಸರಿಗೆ ಬೇಡ. ಅತ್ತೆ ಕೊಟ್ಟದ್ದು ನಿನಗೆ. ಅದನ್ನು ನೋಡಿಕೊಳ್ಳುವುದು ಈಗಲಾದರೂ ಕಲಿ. ಆದರೆ ಮುಂದಿನ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಹೆಂಚಿನ ಕಾರ್ಖಾನೆಯ ಅಂಗಳಕ್ಕೆ ಬರುತ್ತೇನೆ. ಮೇಷ್ಟ್ರು ಇರಲಿ. ನನ್ನ ಕಾಲನ್ನು ನೋಡದೆಯೇ ಅದರ ಕಷ್ಟ ಅರ್ಥ ಮಾಡಿಕೊಂಡ ಮನುಷ್ಯನನ್ನು ನೋಡಬೇಕು. ನೀನು ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರು. ನಿಧಾನ ಅನ್ನಬೇಡ, ಹುಷಾರು ಅನ್ನಬೇಡ. ನಾನು ಅತ್ತರೂ ಏನೂ ಅನ್ನಬೇಡ.

ನೀನು ಹೊಡೆದುಹಾಕಿದ ಪದ ನಾಲ್ಕು ಕಡೆಯೂ ಚೆನ್ನಾಗಿಯೇ ಕಾಣುತ್ತದೆ. ಅದರಲ್ಲಿ ಮಾತ್ರ ಕಾಗುಣಿತ ಸರಿ ಇದೆ.

ಅಕ್ಕ

ತಾ.ಕ.: ಲೈಬ್ರರಿ ವ್ಯಾನಿನ ಈಗಿನ ಚಾಲಕರು ಮುಂದಿನ ತಿಂಗಳು ನಿವೃತ್ತರಾಗುತ್ತಾರೆ. ಆ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೇನೆ, ನಿನ್ನೆ ಒಪ್ಪಿಗೆ ಬಂತು. ನಿನ್ನ ಪತ್ರದಿಂದ ಧೈರ್ಯ ಬಂತು ಎಂದುಕೊಂಡು ಬೀಗಬೇಡ. ಅರ್ಜಿ ಕೊಟ್ಟದ್ದು ಇದೇ ಎರಡನೆಯ ತಾರೀಕು, ನಿನ್ನ ಪತ್ರಕ್ಕಿಂತ ಒಂದು ವಾರ ಮೊದಲು. ತಪ್ಪು ನನ್ನದೇ ಎಂದುಕೊಂಡಿದ್ದಾಗಲೇ, ಇನ್ನು ಸಾಕು, ಮತ್ತೆ ಓಡಿಸುತ್ತೇನೆ ಎಂದು ತೀರ್ಮಾನಿಸಿದ್ದೆ.